ಕಿಟ್ಟಣ್ಣ ಮೆಚ್ಚಿದ ಹಾಡು

ಮದರಾಸಿನ ಕೀಲ್ಪಾಕಿನ ಆಸ್ಪತ್ರೆಗೆ ಹತ್ತಿರದ ಬೀದಿಯಲ್ಲಿ ರಘುರಾಮನ ಹೋಟೆಲು. ಅದರ ಮಹಡಿಯ ಮೇಲೆ ಒಂದು ಕೋಣೆ, ಆ ಕೋಣೆಯಲ್ಲಿ ಅವನ ಹೆಂಡತಿ ಸರಸ. ಸರಸ ಎಂಬುದು ಮದರಾಸಿಗೆ ಬಂದಮೇಲೆ ಇಟ್ಟ ಹೆಸರು. ಮುಲ್ಕಿಯ ಮಿಶನ್ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಾಗ ಅವಳು ಗುಣವತಿ. ದೀಕ್ಷಾಸ್ನಾನದಲ್ಲಿ ಸಿಕ್ಕಿದ ಆ ಹೆಸರನ್ನು ಹಿಡಿದು ಕರೆಯುವವರು ಈಗ ಯಾರೂ ಇರಲಿಲ್ಲ. ರಘುರಾಮನೂ ಕರೆಯುತ್ತಿರಲಿಲ್ಲ. ಒಂದು ದಿನ ಬಾಯಿತಪ್ಪಿ ಕೆಳಗೆ ಎಲ್ಲರೆದುರು ಬಂದುಬಿಟ್ಟರೆ ಎಂಬ ಭಯ ಅವನಿಗೆ.

ಭಯಕ್ಕೆ ಕಾರಣವಿತ್ತು. ಹೋಟೆಲು ನಿಂತಿದ್ದದ್ದು ಕಿಟ್ಟಣ್ಣನ ಕೈರುಚಿಯ ಮೇಲೆ. ಕಿಟ್ಟಣ್ಣ ಉಡುಪಿ ಕಡೆಯ ಬ್ರಾಹ್ಮಣ, ಸ್ನಾನ ಮಾಡಿ ಮಡಿಯುಟ್ಟು ಒಲೆ ಹಚ್ಚುವ ಭಟ್ಟ. ಯಜಮಾನನ ಹೆಂಡತಿ ಕ್ರಿಸ್ತಾನದವಳು ಎಂದು ತಿಳಿದರೆ ಅವನು ಸೌಟು ಕೆಳಗಿಟ್ಟು ಹೊರಡುತ್ತಾನೆ, ಅವನ ಹಿಂದೆ ಅಡುಗೆಯವರು, ಅವರ ಹಿಂದೆ ಗಿರಾಕಿಗಳು. ಅದಕ್ಕೇ ರಘುರಾಮ ಒಂದು ಕಥೆ ಕಟ್ಟಿದ್ದ: ಸರಸ ಸುಬ್ರಹ್ಮಣ್ಯದ ಕಡೆಯ ಬಡ ಭಟ್ಟರೊಬ್ಬರ ಮಗಳು, ತಂದೆತಾಯಿ ಇಲ್ಲ. ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದ ದಿನ ಅವನು ಹೇಳಿದ್ದು ಇಷ್ಟು: “ಕಾಲೂರುವವರೆಗೆ ಸುಧಾರಿಸಿಕೋ. ಆಮೇಲೆ ಎಲ್ಲರಿಗೂ ಹೇಳುವಾ.” ಹೋಟೆಲು ಕಾಲೂರಿತು, ಮಗ್ಗುಲ ಮಳಿಗೆಯನ್ನೂ ನುಂಗಿತು. ರಘುರಾಮನಿಗೆ ಮಾತ್ರ ಧೈರ್ಯ ಬೆಳೆಯಲಿಲ್ಲ. ಕೆಟ್ಟವನಲ್ಲ ಪಾಪ, ಪುಕ್ಕಲ. ಪುಕ್ಕಲರ ಹೆಂಡಿರ ಪಾಡು ಕೆಟ್ಟವರ ಹೆಂಡಿರ ಪಾಡಿಗಿಂತ ಮೇಲೇನೂ ಅಲ್ಲ.

ಊರಿಗೆ ಹಿಂದಿರುಗುವ ದಾರಿಯೂ ಇರಲಿಲ್ಲ. ಹಿಂದುವನ್ನು ಕಟ್ಟಿಕೊಂಡಳೆಂದು ಚರ್ಚಿನ ಸಭೆಯವರು ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿದ್ದರು. “ನನಗೆ ಮಗಳಿಲ್ಲ” ಎಂದು ಹಂಚಿನ ಕಾರ್ಖಾನೆಯ ಮೇಸ್ತ್ರಿಯಾಗಿದ್ದ ಅಪ್ಪ ಹೇಳಿಕಳಿಸಿದ್ದ. ಅತ್ತ ದರಿ, ಇತ್ತ ಪುಲಿ. ನಡುವೆ ಒಂದು ಕೋಣೆ, ಬೀದಿಯ ಕಡೆಗೆ ಸರಳು ಹಾಕಿದ ಒಂದು ಕಿಟಕಿ.

ಆ ಕೋಣೆಯಲ್ಲಿ ಅವಳಿಗೆ ಜೀವ ಬರುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ. ಮುಲ್ಕಿಯಲ್ಲಿ ಆ ಹೊತ್ತಿಗೆ ಮನೆಮಂದಿಯೆಲ್ಲ ಚಾಪೆಯ ಮೇಲೆ ಕುಳಿತು ಸಂಜೆಯ ಗೀತೆ ಹಾಡುತ್ತಿದ್ದರು. ಎಲ್ಲರೂ ಒಂದೇ ರಾಗ ಎಳೆಯುವುದು ಮಿಶನಿನವರ ಪದ್ಧತಿಯಲ್ಲ. ಅಮ್ಮನದು ಮೇಲಿನ ಮುಖ್ಯ ರಾಗ, ಅಣ್ಣನದು ಗಂಡುದನಿಯಲ್ಲಿ ಮೇಲಿನದಾದ ಟೆನರ್, ಅಪ್ಪನದು ನೆಲ ನಡುಗಿಸುವ ಬಾಸ್, ಗುಣವತಿಯದು ಅಮ್ಮನ ಕೆಳಗೆ ಒತ್ತಿಕೊಂಡು ಹೋಗುವ ಆಲ್ಟೋ. ಎಳವೆಯಿಂದ ಅದನ್ನೇ ಹಾಡಿದವಳು. ಮುಖ್ಯ ರಾಗ ಕಿವಿಗೆ ಗೊತ್ತು, ಗಂಟಲಿಗೆ ಬಾರದು. ಈಗಲೂ ಕಿಟಕಿಯ ಬಳಿ ನಿಂತು ಮಾತುಗಳನ್ನು ನುಂಗಿ ತನ್ನ ಪಾಲಿನ ಸ್ವರವನ್ನಷ್ಟೇ ಗುನುಗುತ್ತಿದ್ದಳು. ಉಳಿದ ಮೂವರು ಕಿವಿಯೊಳಗೆ ಸೇರಿಕೊಳ್ಳುತ್ತಿದ್ದರು. ಆ ಸ್ವಲ್ಪ ಹೊತ್ತು ಅವಳು ಯಾರಿಗೂ ಹೆದರುತ್ತಿರಲಿಲ್ಲ.

ಅವಳನ್ನು ಕಾಪಾಡಿದ್ದೂ ಆ ಆಲ್ಟೋವೇ. ಮುಖ್ಯ ರಾಗ ಹಾಡಿದ್ದರೆ ಬೀದಿಯಲ್ಲಿ ಹೋಗುವ ಯಾರಾದರೂ ‘ಇದು ಚರ್ಚಿನದು’ ಅನ್ನುತ್ತಿದ್ದರು. ಬರೀ ಕೆಳದನಿ ಕೇಳಿದರೆ ತಲೆಬುಡ ತಿಳಿಯದು. ಅಡುಗೆಮನೆಯ ಹೊಗೆಗಿಂಡಿಯಲ್ಲಿ ಇಳಿದುಬರುವ ಆ ಗುನುಗನ್ನು ಕೇಳಿ ಕಿಟ್ಟಣ್ಣ, “ಅಮ್ಮನದ್ದು ಬಾರೀ ಭಕ್ತಿ ಮಾರಾಯ್ರೆ. ರಾಗ ಮಾತ್ರ ಯಾವುದಂತ ನನಗೂ ಗೊತ್ತಾಗುದಿಲ್ಲ” ಎನ್ನುತ್ತಿದ್ದ.

ಹೀಗಿರುವಾಗ ಸದಾನಂದ ಎಂಬವರು ಸಂಜೆ ಕಾಫಿಗೆ ಬರತೊಡಗಿದರು. ಮಂಗಳೂರಿನ ಕಡೆಯ ಮಿಶನಿನವರು. ಹೆಂಡತಿ ಆಪರೇಶನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದಳು. ಒಂದು ಸಂಜೆ ಅವರು ಲೋಟ ಎತ್ತುವಷ್ಟರಲ್ಲಿ ಮೇಲಿನಿಂದ ಗುನುಗು ಕೇಳಿತು. ಮೊದಲು ತಲೆ ಎತ್ತಿದರು. ಆಮೇಲೆ ತಮಗರಿವಿಲ್ಲದೆಯೇ, ಕಣ್ಣು ಮುಚ್ಚಿ, ಮುಖ್ಯ ರಾಗವನ್ನು ಹಾಡತೊಡಗಿದರು.

ಮೇಲೆ ಗುಣವತಿ ಕಿಟಕಿಯ ಸರಳು ಹಿಡಿದುಕೊಂಡಳು. ವರ್ಷಗಳ ಮೇಲೆ ತನ್ನ ಸ್ವರಕ್ಕೆ ಹೊರಗಿನಿಂದ ಜೊತೆ ಬಂದಿತ್ತು. ನಿಲ್ಲಿಸಬೇಕು ಎಂದು ಗೊತ್ತಿತ್ತು, ನಿಲ್ಲಿಸಲಾಗಲಿಲ್ಲ. ಎರಡು ಸ್ವರಗಳೂ ಹೆಣೆದುಕೊಂಡು ಚರಣದ ಕೊನೆಯವರೆಗೆ ಹೋದವು.

“ಮೇಲೆ ಇರುವವರು ನಮ್ಮ ಸಭೆಯವರಾ?” ಸದಾನಂದರು ಸಂತೋಷದಿಂದ ಸುತ್ತ ನೋಡಿ ಕೇಳಿದರು. “ಅದು ನಮ್ಮ ಸಂಜೆಯ ಗೀತೆ.”

ಅಡುಗೆಮನೆಯ ಬಾಗಿಲಲ್ಲಿ ಕಿಟ್ಟಣ್ಣ ನಿಂತಿದ್ದ.

ರಘುರಾಮ ಮೆಟ್ಟಿಲು ಹತ್ತಿ ಬಂದಾಗ ಅವನ ಅಂಗಿ ಬೆನ್ನಿಗಂಟಿತ್ತು. “ಅದು ದೇವರನಾಮ ಅಂತ ಕಿಟ್ಟಣ್ಣನಿಗೆ ಹೇಳಿದ್ದೇನೆ. ಹಾಗಾದ್ರೆ ಅಮ್ಮ ಕೃಷ್ಣನ ಪಟದ ಎದುರು ಬಾಯಿಬಿಟ್ಟು ಹಾಡ್ಲಿ ಅಂತಾನೆ. ಇಲ್ಲದಿದ್ರೆ ಈಗಲೇ ಹೊರಡ್ತಾನಂತೆ. ಬಾ ಸರಸ, ಕೈಮುಗೀತೇನೆ. ಎಲ್ಲ ಹೋಗ್ತದೆ.”

“ಮಾತು ಸೇರಿಸಿ ಹಾಡಿದ್ರೆ ಗೊತ್ತಾಗುದಿಲ್ವಾ?”

“ಒಂದು ಹೆಸರು ಬದಲಾಯಿಸು. ಅಷ್ಟೇ ಅಲ್ವಾ?”

ಅಷ್ಟೇ. ಅವಳು ಸೆರಗು ಹೊದ್ದುಕೊಂಡು ಕೆಳಗಿಳಿದಳು. ಗಲ್ಲಾದ ಮೇಲೆ ಊದುಬತ್ತಿಯ ಹೊಗೆ ಹಿಡಿದ ಕೃಷ್ಣನ ಪಟ. ಒಂದು ಕಡೆ ಕೈಕಟ್ಟಿದ ಕಿಟ್ಟಣ್ಣ, ಇನ್ನೊಂದು ಕಡೆ ಮೇಜಿನ ಮುಂದೆ ಸದಾನಂದರು. ಅವರ ಮುಖದಲ್ಲಿ ಆಗಲೇ ಸಂತೋಷ ಇರಲಿಲ್ಲ. ತಮ್ಮಿಂದ ಏನಾಯಿತೆಂದು ಅವರಿಗೆ ಅರ್ಥವಾಗಿತ್ತು. ಅವಳು ಕಣ್ಣು ಮುಚ್ಚಿದಳು.

‘ಹಗಲು ಮುಗಿಯಿತು, ಕರ್ತನೇ, ಬಾಗಿಲ ಬಳಿ ನೀ ನಿಲ್ಲು’ ಎಂದಿತ್ತು ಗೀತೆ. ಅವಳು ಹಾಡಿದಳು:

“ಹಗಲು ಮುಗಿಯಿತು, ಕೃಷ್ಣನೇ, ಬಾಗಿಲ ಬಳಿ ನೀ ನಿಲ್ಲು...”

ಹೆಸರು ಸ್ವರದಲ್ಲಿ ಸರಿಯಾಗಿ ಕುಳಿತಿತು. ಅದೇ ಅವಳಿಗೆ ಸಹಿಸಲಾಗಲಿಲ್ಲ. ತಡವರಿಸಿದ್ದರೆ, ಸ್ವರ ಮುರಿದಿದ್ದರೆ ಒಂದಿಷ್ಟು ಸಮಾಧಾನವಾದರೂ ಇರುತ್ತಿತ್ತು. ಎರಡನೆಯ ಸಾಲಿಗೆ ಸದಾನಂದರು ಜೊತೆಗೂಡಬಹುದೆಂದು ಅವಳ ಕಿವಿ ನಾಚಿಕೆಬಿಟ್ಟು ಕಾಯಿತು. ಅವರು ತುಟಿ ಬಿಗಿಹಿಡಿದು ಕುಳಿತಿದ್ದರು. ಅವಳು ಒಬ್ಬಳೇ ಹಾಡಿ ಮುಗಿಸಿದಳು.

“ನಾನು ತಪ್ಪು ತಿಳಿದೆ,” ಎಂದರು ಸದಾನಂದರು ಎದ್ದು. “ನಮ್ಮ ರಾಗದ ಹಾಗೇ ಕೇಳಿಸಿತು. ಕ್ಷಮಿಸಿ ಅಕ್ಕಾ.” ಕಾಫಿ ಕುಡಿಯದೆ ಹೋದರು. ಮತ್ತೆ ಬರಲಿಲ್ಲ.

ಕಿಟ್ಟಣ್ಣನ ಕಣ್ಣಲ್ಲಿ ನೀರಾಡಿತು. ಕಪಟವಿಲ್ಲದ ಮನುಷ್ಯ, ಸಂಶಯವೂ ಪೂರಾ, ಪಶ್ಚಾತ್ತಾಪವೂ ಪೂರಾ. “ತಪ್ಪಾಯ್ತು ಅಮ್ಮ. ಇಷ್ಟು ಚಂದದ ಹಾಡು ಬಾಗಿಲು ಹಾಕಿಕೊಂಡು ಯಾಕೆ ಹೇಳುದು? ನಾಳೆಯಿಂದ ದೀಪ ಹಚ್ಚುವಾಗ ಇಲ್ಲೇ ಹೇಳಿ, ದೇವರ ಎದುರು.”

ರಘುರಾಮ ಗಲ್ಲಾದಲ್ಲಿ ಕುಳಿತು ಉಸಿರು ಬಿಟ್ಟ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎಂಬ ಜಾತಿಯವನು ಅವನು.

ಅಂದಿನಿಂದ ಅದು ಹೋಟೆಲಿನ ಪದ್ಧತಿಯಾಯಿತು. ದಿನವೂ ಸಂಜೆ ಗುಣವತಿ ಕೆಳಗಿಳಿದು ಬಂದು ಪಟದೆದುರು ಹಾಡುವಳು. ಸಪ್ಲೈಯರುಗಳು ಕಲಿತರು, ಗಿರಾಕಿಗಳು ತಲೆದೂಗಿದರು. ಅಡ್ಯಾರಿನಿಂದ ಬರುವ ಅಯ್ಯಂಗಾರ್ ಹೆಂಗಸರು ‘ಎನ್ನ ಅಳಗಾ ಪಾಡರಾ’, ಎಷ್ಟು ಚಂದ ಹಾಡುತ್ತಾಳೆ, ಎಂದು ಹೊಗಳಿದರು. ಮೇಲೆ ಬಂದಮೇಲೆ ಅವಳಿಗೆ ಮತ್ತೆ ಹಾಡಲು ಮನಸ್ಸಾಗುತ್ತಿರಲಿಲ್ಲ.

ಕ್ರಿಸ್ಮಸ್ಸಿನ ಸಂಜೆ ಬಂತು. ಕೆಳಗಿನ ಹಾಡು ಮುಗಿಸಿ ಮೇಲೆ ಬಂದವಳು ಬಾಗಿಲು ಹಾಕಿಕೊಂಡಳು. ಇವತ್ತು ಒಂದು ಸಲ, ತನಗಾಗಿ, ಮಾತುಗಳ ಸಮೇತ. ಚಾಪೆ ಹಾಸಿ ಮೊಣಕಾಲೂರಿದಳು. ಅಮ್ಮನ ದನಿ ಕಿವಿಯಲ್ಲಿ ಬಂತು, ಅಪ್ಪನದೂ ಬಂತು.

“ಹಗಲು ಮುಗಿಯಿತು, ಕೃಷ್ಣನೇ...”

ತಟಕ್ಕನೆ ನಿಲ್ಲಿಸಿದಳು. ಮತ್ತೆ ಮೊದಲಿನಿಂದ ತೆಗೆದುಕೊಂಡಳು. ನಾಲಿಗೆ ಅದೇ ಜಾಗದಲ್ಲಿ ಅದೇ ಹೆಸರಿಗೆ ಹೊರಳಿತು. ಬಾಯಿ ಮುಚ್ಚಿ ಅತ್ತಳು, ಅಳುತ್ತಲೇ ಮತ್ತೆ ಶುರುಮಾಡಿದಳು.

ಕೆಳಗೆ ಒಲೆಯ ಮುಂದೆ ಕಿಟ್ಟಣ್ಣ ಸೌಟು ತಡೆಹಿಡಿದು, ಪಕ್ಕದವನಿಗೆ ಸನ್ನೆ ಮಾಡಿದ.

“ಕೇಳು ಮಾರಾಯ. ಅಮ್ಮನಿಗೆ ಇವತ್ತು ಕೃಷ್ಣನನ್ನು ಎಷ್ಟು ಸಲ ಕರೆದ್ರೂ ಸಾಕಾಗುದಿಲ್ಲ.”