ಅತ್ತೆಯ ಕಿವಿ

"ಹಾಗಾದ್ರೆ ನನ್ನ ಕಿವಿಯೂ ಹೋಯ್ತು ಅನ್ನು," ಎಂದರು ಅತ್ತೆ, ಟಿವಿಯಿಂದ ಕಣ್ಣು ತೆಗೆಯದೆ.

ತಟ್ಟೆ ಒರೆಸುತ್ತಿದ್ದ ಸೊಸೆಯ ಕೈ ನಿಂತಿತು. ಟಿವಿಯಲ್ಲಿ ಅವರ ವಾರ್ಡಿನ ಸದಸ್ಯರು ಧ್ವನಿಯ ಅಂಕುಡೊಂಕು ಗೆರೆಗಳಿದ್ದ ದೊಡ್ಡ ಪರದೆಯ ಮುಂದೆ ನಿಂತಿದ್ದರು. ಊರು ಅವರನ್ನು ಬೆನ್ನ ಹಿಂದೆ ಮೈಕಾಸುರ ಎಂದೇ ಕರೆಯುತ್ತಿತ್ತು. ನಾಲ್ಕು ದಿನದಿಂದ ಜನರನ್ನು ಕಂಗೆಡಿಸಿರುವ 'ನೀರು ಕುಡಿಯಬೇಡಿ' ಎಂಬ ಧ್ವನಿಸಂದೇಶ ಮನುಷ್ಯರದ್ದೇ ಅಲ್ಲವಂತೆ. ಕಂಪ್ಯೂಟರಿನ ಕೃತಕ ಬುದ್ಧಿ ಹುಟ್ಟಿಸಿದ ಧ್ವನಿಯಂತೆ. ಅದನ್ನು ಪತ್ತೆ ಹಚ್ಚಿದ್ದೂ ಇನ್ನೊಂದು ಕೃತಕ ಬುದ್ಧಿಯೇ, ನೂರಕ್ಕೆ ತೊಂಬತ್ತೇಳು ಪಾಲು ಖಚಿತ. ವಿರೋಧಿಗಳು ಊರಿನ ನೆಮ್ಮದಿ ಕೆಡಿಸಲು ಮಾಡಿಸಿದ್ದು ಎಂಬುದು ಮಾತ್ರ ನೂರಕ್ಕೆ ನೂರು.

ಆ ಧ್ವನಿ ಸೊಸೆಯದು.

ಅವಳು ಊರಿನ ನೀರು ಶುದ್ಧೀಕರಣ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷದಿಂದ ನೀರು ಪರೀಕ್ಷೆ ಮಾಡುವವಳು. ಎರಡು ತಿಂಗಳ ಹಿಂದೆ ಇದೇ ಸದಸ್ಯರು ಅಲ್ಲಿಗೆ ಬಂದು, ನೀರನ್ನು ತಾನೇ ನೋಡಿಕೊಳ್ಳುವ ಒಂದು ಪೆಟ್ಟಿಗೆಯನ್ನು ಉದ್ಘಾಟಿಸಿ, ಇನ್ನು ಈ ಕೆಲಸಕ್ಕೆ ಮನುಷ್ಯರೇ ಬೇಕಿಲ್ಲ ಎಂದು ಅವಳ ಎದುರಿಗೇ ಭಾಷಣ ಬಿಗಿದಿದ್ದರು. ಮೂರನೇ ವಾರಕ್ಕೆ ಪೆಟ್ಟಿಗೆಯೊಳಗೆ ತೇವ ಸೇರಿ ಅದು ದಿನವೂ ಒಂದೇ ಅಂಕಿ ತೋರಿಸತೊಡಗಿತು. ಅಂಕಿ ಚೆನ್ನಾಗಿದ್ದುದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅವಳು ಎಂದಿನಂತೆ ಬೆಳಗಾದರೆ ಬಾಟಲಿ ಹಿಡಿದು ನಲ್ಲಿಯಿಂದ ನಲ್ಲಿಗೆ ಹೋಗುತ್ತಿದ್ದಳು.

ಕಳೆದ ಸೋಮವಾರ ತಂಗಿಯ ಕಟ್ಟಡದಲ್ಲಿ ಟ್ಯಾಂಕು ತೊಳೆದು ಬ್ಲೀಚಿಂಗ್ ಪುಡಿ ಸುರಿದಿದ್ದರು. ನೀರು ಘಾಟು ಹೊಡೆಯುತ್ತಿದೆ ಎಂದು ತಂಗಿ ಒಂದು ಸೀಸೆ ತುಂಬಿ ಕಳಿಸಿದಳು. ಸೊಸೆ ಪರೀಕ್ಷೆ ಮಾಡಿ, ಕೈಯಲ್ಲಿ ಕೆಲಸವಿದ್ದುದರಿಂದ ಅವಸರದಲ್ಲೇ ಫೋನಿಗೆ ಹೇಳಿ ತಂಗಿಗೆ ಕಳಿಸಿದ್ದಳು: "ನಾನೇ ಪರೀಕ್ಷೆ ಮಾಡಿದ್ದೀನಿ, ಕ್ಲೋರಿನ್ ವಿಪರೀತ ಇದೆ. ನಾಳೆ ತನಕ ಯಾರೂ ಆ ನೀರು ಕುಡಿಯಬೇಡಿ, ಮಕ್ಕಳಿಗಂತೂ ಕೊಡಲೇಬೇಡಿ." ತಂಗಿ ಅದನ್ನು ಕಟ್ಟಡದ ಗುಂಪಿಗೆ ಹಾಕಿದಳು. ಅಲ್ಲಿಂದ ಯಾರೋ 'ನೀರಿನ ಕಚೇರಿಯ ಒಳಗಿನವರ ಮಾತು' ಎಂದು ತಲೆಬರಹ ಕೊಟ್ಟು ಊರಿಗೆ ಬಿಟ್ಟರು. ಚೀಟಿ ಅಂಟಿಸದ ಬಾಟಲಿಯನ್ನು ಒಂದು ದಿನವೂ ಮುಟ್ಟಿದವಳಲ್ಲ ಸೊಸೆ. ಎಲ್ಲಿಯ ನೀರು, ಎಷ್ಟು ಹೊತ್ತಿಗೆ ಹಿಡಿದದ್ದು ಎಂದು ಬರೆದಿರದಿದ್ದರೆ ಚೆಲ್ಲಿಬಿಡುತ್ತಿದ್ದಳು. ಮಾತಿಗೆ ಮಾತ್ರ ಚೀಟಿ ಅಂಟಿಸಲು ಮರೆತಳು.

ಮರುದಿನ ಅಂಗಡಿಗಳಲ್ಲಿ ನೀರಿನ ಬಾಟಲಿಗೆ ನೂಕುನುಗ್ಗಲು. ಒಂದು ಪಕ್ಷದವರು ವಿಷ ಬೆರೆತಿದೆ ಎಂದರು, ಇನ್ನೊಂದು ಪಕ್ಷದವರು ಬಾಯಿ ಮುಚ್ಚಿ ಎಂದರು. ಸೊಸೆ ಕಚೇರಿಗೆ ಹೋಗಿ ಸಾಹೇಬರ ಎದುರು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಎದ್ದು ಬಾಗಿಲು ಮುಚ್ಚಿದರು.

"ನೀವು ಹೇಳಿದ್ದು ನನಗೆ ಕೇಳಿಸಲಿಲ್ಲ," ಎಂದರು. "ಮೇಲಿನವರು ಅದನ್ನ ಯಂತ್ರದ್ದು ಅಂತ ಹೇಳೋರಿದ್ದಾರೆ. ಸುಮ್ಮನೆ ಮೈಮೇಲೆ ಯಾಕೆ ಎಳ್ಕೊಳ್ತೀರಿ?"

ಅವಳು ಬಾಗಿಲು ತೆರೆದು ತನ್ನ ಕೆಲಸಕ್ಕೆ ಮರಳಿದಳು. ನಿಜ ಹೇಳಬೇಕೆಂದರೆ, ಬದುಕಿದೆಯಾ ಬಡಜೀವವೇ ಎನ್ನಿಸಿತ್ತು. ಗಂಡನೂ ಅದನ್ನೇ ಹೇಳಿದ: ನಾಲ್ಕು ದಿನ ತಡೆದುಕೊ, ಜನಕ್ಕೆ ಇನ್ನೊಂದು ಸುದ್ದಿ ಸಿಗುತ್ತದೆ.

ಆದರೆ ಮನೆಯಲ್ಲಿ ಅತ್ತೆ ಇದ್ದರು. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದವರು. ಊರಿನ ಯಾರೇ ಆಗಲಿ, ಹಲೋ ಎಂದರೆ ಸಾಕು, ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಕೆಮ್ಮು ಕೇಳಿಯೇ ಇಂಥವರೆಂದು ಹೇಳಿದ್ದೂ ಉಂಟು. ಒಂದು ವರ್ಷದಿಂದ ಅವರಿಗೆ ಮರೆವು. ಒಲೆಯ ಮೇಲಿಟ್ಟದ್ದು ಸೀದುಹೋಗುತ್ತಿತ್ತು, ಎರಡು ಸಲ ಪಕ್ಕದ ಬೀದಿಯಲ್ಲೇ ದಾರಿ ತಪ್ಪಿದ್ದರು. ಆಗೆಲ್ಲ, "ತಲೆ ಹೋದ್ರೆ ಹೋಗ್ಲಿ ಬಿಡು, ಕಿವಿ ಇನ್ನೂ ನಂದೇ" ಎಂದು ನಗುತ್ತಿದ್ದರು.

ಪಕ್ಕದ ಮನೆಯಾಕೆ ಮೊದಲ ದಿನವೇ ಆ ಸಂದೇಶವನ್ನು ಅತ್ತೆಯ ಫೋನಿಗೂ ಕಳಿಸಿದ್ದಳು. ಕೇಳುತ್ತಿದ್ದಂತೆ ಅತ್ತೆ, ಇದು ನೀನಲ್ಲವೇನೇ ಎಂದಿದ್ದರು. ಹೆದರಿದ್ದ ಸೊಸೆ ಅಲ್ಲ ಎಂದುಬಿಟ್ಟಿದ್ದಳು. ನೀವು ಯಾರನ್ನೋ ಯಾರೋ ಅಂದುಕೊಂಡಿದ್ದೀರಿ ಎಂದು ಮೇಲಿಂದ ಒಂದು ಮಾತನ್ನೂ ಸೇರಿಸಿದ್ದಳು. ಈಗ ಟಿವಿಯವರು ಅದಕ್ಕೆ ಮೊಹರು ಒತ್ತಿದರು.

ಅಂದಿನಿಂದ ಅತ್ತೆ ಫೋನು ಎತ್ತುವುದನ್ನು ಬಿಟ್ಟರು. ಬಾಗಿಲ ಹೊರಗಿನಿಂದ ಮಗ ಅಮ್ಮಾ ಎಂದು ಕರೆದರೂ "ಯಾರು?" ಎಂದು ಕೇಳಿ, ಕಿಟಕಿಯಿಂದ ಮುಖ ನೋಡಿಯೇ ಚಿಲಕ ತೆಗೆದರು. ಮೂರನೆಯ ದಿನ ಸಂಜೆ ಸೊಸೆ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ, ಮನೆಯ ಬೀಗದ ಕೈ ತಂದು ಅವಳ ಅಂಗೈಯಲ್ಲಿಟ್ಟರು.

"ಇದು ನಿನ್ನ ಹತ್ರಾನೇ ಇರ್ಲಿ. ಇನ್ನು ಒಬ್ಬಳೇ ಎಲ್ಲಿಗೂ ಹೋಗಲ್ಲ. ಕಿವಿಯನ್ನ ನಂಬಿಕೊಂಡು ಓಡಾಡ್ತಿದ್ದೆ, ಅದೂ ಇಲ್ಲ ಅಂದ್ಮೇಲೆ..."

ಸೊಸೆ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ನೆಲದ ಮೇಲೆ ಕೂತಳು.

"ಅತ್ತೆ, ಅದು ನಂದೇ ಧ್ವನಿ. ಆವತ್ತು ಸುಳ್ಳು ಹೇಳಿದೆ."

ತಂಗಿಯ ಟ್ಯಾಂಕಿನಿಂದ ಹಿಡಿದು ಸಾಹೇಬರ ಬಾಗಿಲಿನ ತನಕ ಎಲ್ಲವನ್ನೂ ಬಿಡಿಸಿ ಹೇಳಿದಳು. ಅತ್ತೆ ತಲೆಯಾಡಿಸುತ್ತ ಕೇಳಿದರು. ಆಮೇಲೆ ಅವಳ ಕೆನ್ನೆ ಸವರಿದರು.

"ನೀನು ಒಳ್ಳೆಯವಳು ಕಣೇ. ನಮ್ಮಮ್ಮನಿಗೂ ಕೊನೆಕೊನೆಗೆ ನಾವು ಹೀಗೇ ಮಾಡ್ತಿದ್ವಿ. ಏನು ಹೇಳಿದ್ರೂ ಹೌದಮ್ಮ, ನೀನು ಹೇಳಿದ್ದೇ ಸರಿ ಅಂತಿದ್ವಿ."

ಸೊಸೆ ಆಣೆ ಮಾಡಲು ಹೋದಳು. ಅತ್ತೆ ಅವಳ ಕೈ ಹಿಡಿದು ತಡೆದರು. ಅಷ್ಟು ದೊಡ್ಡ ಪರದೆ ಇಟ್ಟು ತೋರಿಸಿದ್ದಾರಲ್ಲ ಎಂದರು, ಕೋಪವಿಲ್ಲದೆ, ಮಗುವಿಗೆ ಹೇಳುವಂತೆ. ಈ ಮನೆಯ ನಾಲ್ಕು ಗೋಡೆಯ ನಡುವೆ ತಾನು ಹೇಳುವ ನಿಜವೆಲ್ಲ ಇನ್ನು ಮೇಲೆ ಬರೀ ಸಮಾಧಾನದ ಮಾತು ಎಂದು ಸೊಸೆಗೆ ಆಗ ಅರ್ಥವಾಯಿತು. ಹೇಳಿದರೆ ಊರಿಗೇ ಹೇಳಬೇಕು.

ಮರುದಿನ ಬೆಳಿಗ್ಗೆ ಕೇಂದ್ರಕ್ಕೆ ಹೋದವಳೇ ಸಿಂಕಿನ ಪಕ್ಕ ನಿಂತು, ಬೀದಿಯ ಗುಂಪನ್ನು ತೆರೆದು ಫೋನನ್ನು ಬಾಯಿಯ ಬಳಿ ಹಿಡಿದಳು. ತಾನು ಯಾರು, ಎಲ್ಲಿ ಕೆಲಸ ಮಾಡುವುದು, ಯಾವ ಕಟ್ಟಡದ ಟ್ಯಾಂಕು, ಯಾವ ದಿನ, ಎಷ್ಟು ಗಂಟೆ, ಒಂದನ್ನೂ ಬಿಡಲಿಲ್ಲ. ಊರಿನ ನೀರು ಚೆನ್ನಾಗಿದೆ, ನಾನೂ ಅದನ್ನೇ ಕುಡಿಯುತ್ತಿದ್ದೇನೆ ಎಂದಳು. ಕೊನೆಗೆ ಹೇಳಿದಳು: "ಅದು ಯಾವ ಯಂತ್ರದ್ದೂ ಅಲ್ಲ. ನಮ್ಮ ಅತ್ತೆ ಮೊದಲನೇ ದಿನವೇ ಗುರುತು ಹಿಡಿದಿದ್ರು. ನಾನೇ ಹೆದರಿಕೊಂಡು ಅಲ್ಲ ಅಂದೆ."

ಕಳಿಸಿದ ಹತ್ತು ನಿಮಿಷದಲ್ಲಿ ಉತ್ತರಗಳು ಬಂದವು. ಇದೂ ಯಂತ್ರದ್ದೇ ಎಂದು ಒಬ್ಬರು ಬರೆದರು. ಮೊದಲನೆಯದಕ್ಕಿಂತ ಚೆನ್ನಾಗಿ ಮಾಡಿದ್ದಾರೆ ಎಂದು ಇನ್ನೊಬ್ಬರು ಮೆಚ್ಚಿಕೊಂಡರು. ಮತ್ತೊಬ್ಬ ಉತ್ಸಾಹಿ ಅದನ್ನು ಯಾವುದೋ ಆ್ಯಪ್‌ಗೆ ಹಾಕಿ, ನೂರಕ್ಕೆ ತೊಂಬತ್ತೊಂಬತ್ತು ಎಂದು ತೀರ್ಪು ಕೊಟ್ಟ. ಹನ್ನೊಂದು ಗಂಟೆಗೆ ಸಾಹೇಬರು ಕರೆದು, ಈ ಸಲ ತಮಗೆ ಸರಿಯಾಗಿ ಕೇಳಿಸಿದೆ ಎಂದು ಹೇಳಿ, ಮೂರು ದಿನದೊಳಗೆ ಲಿಖಿತ ವಿವರಣೆ ಕೊಡುವಂತೆ ನೋಟಿಸು ಕೈಗಿಟ್ಟರು. ಅವಳು ಸಹಿ ಹಾಕಿ ತೆಗೆದುಕೊಂಡಳು.

ಸಂಜೆ ಮನೆಗೆ ಬಂದಾಗ ಅತ್ತೆ ಕಿಟಕಿಯ ಪಕ್ಕ ಫೋನನ್ನು ಕಿವಿಗೊತ್ತಿ ಕಣ್ಣು ಮುಚ್ಚಿ ಕೂತಿದ್ದರು. ಹುಬ್ಬು ಗಂಟಿಕ್ಕಿತ್ತು. ಪಕ್ಕದ ಮನೆಯಾಕೆ ಇದನ್ನೂ ಕಳಿಸಿದ್ದಳು. ಸೊಸೆ ಬ್ಯಾಗು ಇಳಿಸದೆ ಬಾಗಿಲಲ್ಲೇ ನಿಂತಳು. ತುಂಬ ಹೊತ್ತಾದ ಮೇಲೆ ಅತ್ತೆ ಕಣ್ಣು ಬಿಟ್ಟರು.

"ಹಳೇದು, ಹೊಸದು, ಎರಡೂ ಕೇಳ್ದೆ," ಎಂದರು. "ಇದರಲ್ಲಿ ನಿನಗೆ ಶೀತ ಆಗಿದೆ. ಮೂಗು ಕಟ್ಟಿದೆ. ಅದರಲ್ಲಿ ಇಲ್ಲ."

ಬೆಳಿಗ್ಗೆ ಎದ್ದಾಗಿನಿಂದ ಮೂಗು ಕಟ್ಟಿದ್ದುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೌದು ಎನ್ನಲು ಬಾಯಿ ತೆರೆದಳು. ಅತ್ತೆ ಸುಮ್ಮನಿರು ಎಂದು ಕೈ ಎತ್ತಿದರು. ಫೋನನ್ನು ಮತ್ತೆ ಕಿವಿಗೊತ್ತಿಕೊಂಡು, ಬೆರಳಿನಿಂದ ತಡವುತ್ತ ತಡವುತ್ತ ಹಿಂದಕ್ಕೆ ಸರಿಸಿ, 'ಮೊದಲನೇ ದಿನವೇ ಗುರುತು ಹಿಡಿದಿದ್ರು' ಎಂಬಲ್ಲಿಂದ ಇನ್ನೊಮ್ಮೆ ಕೇಳತೊಡಗಿದರು.