ಕಟ್ಟಿದವರ ಕೆರೆ

“ಲೇ ಓಬ್ಳಾ, ಟೇಪು ಎಳ್ದು ಹಿಡಿಯಲೇ ಬೋಳಿಮಗನೆ! ಉಂಡಿಲ್ವೇನೋ?”

ಏರಿಯ ಮೇಲೆ ಕೊಡೆ ಹಿಡಿದು ನಿಂತಿದ್ದ ಊರಗೌಡ ಸೋಮಶೇಖರಪ್ಪ ಕೂಗಿದ. ಓಬಳಪ್ಪ ಮೊಣಕಾಲುದ್ದದ ಕೆಸರಿನಲ್ಲಿ ಇನ್ನೊಂದು ಹೆಜ್ಜೆ ಕಿತ್ತಿಟ್ಟ. ಅವನು ಈ ಕೆರೆಯ ನೀರಗಂಟಿ. ತೂಬು ತೆಗೆದು ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ಕಾಯುವುದು ತಾತನ ಕಾಲದಿಂದ ಬಂದ ಕೆಲಸ. ಊರಿಗೆಲ್ಲ ನೀರು ಹಂಚುತ್ತಿದ್ದವನು ಕೆರೆಯಲ್ಲಿ ಊರಿನವರು ನೀರು ತುಂಬುವ ಮೆಟ್ಟಿಲಿಗೆ ಮಾತ್ರ ಇಳಿಯುವಂತಿರಲಿಲ್ಲ.

ಚಳ್ಳಕೆರೆಯಿಂದ ಜೀಪಿನಲ್ಲಿ ಬಂದಿದ್ದ ಸಾಹೇಬರು ತಾಲ್ಲೂಕಿನ ಕೆರೆ, ಹಳ್ಳಗಳ ವರ್ಗೀಕರಣ ಮಾಡುತ್ತಿದ್ದರು. ಯಾವುದನ್ನು ಕಾಪಾಡಬೇಕು, ಯಾವುದನ್ನು ಬಿಡಬಹುದು ಎಂಬ ಪಟ್ಟಿ. ಅಳತೆ ಮುಗಿದ ಮೇಲೆ ಕೇಳಿದರು: “ಇದು ತಾನಾಗೇ ಆದ ಕೆರೆನಾ, ಕಟ್ಟಿದ್ದಾ?”

“ಇವ್ರ ಹಿರೀಕ್ರೇ ಕಟ್ಟಿದ್ದು ಸಾರ್,” ಎಂದ ಸೋಮಶೇಖರಪ್ಪ. “ಹೇಳಪ್ಪ, ಓಬಳಪ್ಪ.”

ಓಬಳಪ್ಪನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಏರಿಯ ಮೇಲಿನ ಕಲ್ಲಿನಲ್ಲಿ ಕೆರೆ ಕಟ್ಟಿಸಿದವನೆಂದು ಸೋಮಶೇಖರಪ್ಪನ ಮುತ್ತಾತನ ಹೆಸರಿತ್ತು. ‘ಅಗೆದೋರು ನಾವು’ ಎಂದು ಒಮ್ಮೆ ಬಾಯಿಬಿಟ್ಟಿದ್ದಕ್ಕೆ ಓಬಳಪ್ಪನ ಅಪ್ಪನನ್ನು ಇಡೀ ದಿನ ಬೇವಿನ ಮರಕ್ಕೆ ಕಟ್ಟಿಹಾಕಿದ್ದರು. ಈಗ ಅದೇ ಮನೆಯವನು ಸಾಹೇಬರೆದುರು ಒಪ್ಪುತ್ತಿದ್ದಾನೆ!

“ಹೌದ್ರಿ ಸಾಮಿ,” ಎಂದು ಎರಡು ಹೆಜ್ಜೆ ಮುಂದೆ ಬಂದ. “ನಮ್ಮೋರೇ ಕಟ್ಟಿದ್ದು. ಮಂಕ್ರಿ ಹೊತ್ತೂ ಹೊತ್ತೂ ನಮ್ಮ ಮುತ್ತಜ್ಜಿ ನೆತ್ತಿ ಬೋಳಾಗಿತ್ತಂತೆ. ಏರಿ ಕುಸ್ದು ಮೂರು ಜನ ಒಳಗೇ ಉಳುದ್ರು. ತೆಗೀಲಿಲ್ಲ, ಹಂಗೇ ಮ್ಯಾಲೆ ಮಣ್ಣು ಹಾಕ್ಸಿದ್ರು.”

“ಮಾನವ ನಿರ್ಮಿತ,” ಎಂದು ಬರೆದುಕೊಂಡ ಸಾಹೇಬರು, ಅವನಿನ್ನೂ ಸತ್ತವರ ಹೆಸರು ಹೇಳುತ್ತಿರುವಾಗಲೇ ಕಾಗದ ಮುಂದೆ ಹಿಡಿದರು. ಓಬಳಪ್ಪ ಲುಂಗಿಗೆ ಕೈ ಒರೆಸಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ರುಜು ಹಾಕಿದ.

“ಸರ್ಕಾರದ ಪುಸ್ತಕದಾಗೆ ನಮ್ಮೋರು ಸೇರುದ್ರು ಕಣೇ,” ಎಂದು ಮನೆಗೆ ಬಂದು ಹೆಂಡತಿ ಕೊಲ್ಲಾಪುರಮ್ಮನಿಗೆ ಹೇಳಿದ. ಅಂದು ಎರಡು ಮುದ್ದೆ ಉಂಡ.

ಎರಡು ತಿಂಗಳಿಗೆ ಜೆಸಿಬಿ ಬಂದು ಏರಿಗೆ ಹಲ್ಲು ಹಾಕಿತು. ಓಬಳಪ್ಪ ಓಡಿಹೋದ. “ಗೌಡ್ರೆ, ಕೆರೆ ಕಾಪಾಡೋ ಪಟ್ಟೀಗೆ ಸೇರೈತಲ್ರೀ!”

ಸೋಮಶೇಖರಪ್ಪ ನಕ್ಕ. “ತಾನಾಗಿ ಆದ ಕೆರೆಗೆ ಆ ಪಟ್ಟಿ ಕಣಲೇ. ಮನುಷ್ಯರು ಕಟ್ಟಿದ್ದು ಅದ್ರಾಗೆ ಬರಲ್ಲ. ನೀನೇ ರುಜು ಹಾಕಿಲ್ವಾ? ಜಾಗ ನಂಗೆ ಮಂಜೂರಾಗೈತೆ. ಎಣ್ಣೆ ಮಿಲ್ಲು ಬರ್ತೈತೆ, ಕಡ್ಲೆಕಾಯಿ ಮೂಟೆ ಹೊರಾಕೆ ಬಾ.”

ಓಬಳಪ್ಪ ಬಸ್ಸು ಹತ್ತಿ ಚಳ್ಳಕೆರೆಯ ಕಚೇರಿಗೆ ಹೋದ. ಸಾಹೇಬರು ಮೂರನೆಯ ದಿನ ಸಿಕ್ಕರು. ಅವನದೇ ರುಜು ತೋರಿಸಿ, “ಹೇಳಿದ್ದು ನೀನೇ ತಾನೆ? ಸುಳ್ಳು ಹೇಳಿದ್ಯಾ?” ಎಂದರು.

ಓಬಳಪ್ಪ ಬಗ್ಗಿ ನೆಲ ಮುಟ್ಟಿದ.

“ಸುಳ್ಳೇ ಅಂತ ಬರ್ಕಳ್ಳಿ ಸಾಮಿ. ನಮ್ಮೋರು ಕಟ್ಲಿಲ್ಲ. ಯಾರೂ ಮಣ್ಣು ಹೊರ್ಲಿಲ್ಲ. ಅಲ್ಲಿ ಯಾರೂ ಸಾಯ್ಲಿಲ್ಲ.”

“ಮತ್ತೆ ಏರಿ ತಾನೇ ಎದ್ದು ನಿಂತ್ಕೊಂತೇನೋ?” ಸಾಹೇಬರು ನಕ್ಕರು. ಪಕ್ಕದ ಮೇಜಿನವರೂ ನಕ್ಕರು.

ಕೆರೆ ಹೋಗಿ, ಶಿವರಾತ್ರಿಯ ಹೊತ್ತಿಗೆ ಓಬಳಪ್ಪನವರ ಕಾಲೋನಿಯ ಬೋರಿಂಗಿನಲ್ಲಿ ಬರಿ ಗಾಳಿ ಬಂತು. ಕೊಲ್ಲಾಪುರಮ್ಮ ಖಾಲಿ ಬಿಂದಿಗೆಯನ್ನು ಗಂಡನ ಮುಂದೆ ಕುಕ್ಕಿದಳು. “ಹೋಗು, ನಿನ್ನ ಸರ್ಕಾರದ ಪುಸ್ತಕ ಹಿಂಡ್ಕೊಂಡು ಬಾ!”

ಅವನು ಬಿಂದಿಗೆ ಎತ್ತಿಕೊಂಡು ಹೊರಟ. ಮಟಮಟ ಮಧ್ಯಾಹ್ನ. ಸೋಮಶೇಖರಪ್ಪನ ಮನೆಯ ದೊಡ್ಡ ಗೇಟು ತಳ್ಳಿ, ಅಂಗಳ ದಾಟಿ, ಸಿಮೆಂಟಿನ ತೊಟ್ಟಿಗೆ ಬಿಂದಿಗೆ ಅದ್ದಿದ.

“ಅಯ್ಯಯ್ಯೋ, ತೊಟ್ಟಿ ಮುಟ್ಬಿಟ್ಟ! ಬರ್ರೋ ಯಾರಾರ!” ಸೋಮಶೇಖರಪ್ಪನ ತಾಯಿ ವೀರಮ್ಮ ಕಿರುಚಿದಳು.

ಬಿಂದಿಗೆ ಗುಳುಗುಳು ಎನ್ನುತ್ತಾ ತುಂಬುತ್ತಿತ್ತು. ಓಬಳಪ್ಪ ಅವಸರಪಡಲಿಲ್ಲ. ಕಂಠದವರೆಗೆ ತುಂಬಿಸಿ, ಹೆಗಲಿಗೇರಿಸಿಕೊಂಡು ತಿರುಗಿದ. ಗೇಟಿನ ಅಗುಳಿ ಬಿದ್ದಿತ್ತು. ಮೂವರು ಆಳುಗಳು ಹಾರೆ, ದೊಣ್ಣೆ ಹಿಡಿದು ನಿಂತಿದ್ದರು. ನೀರು ಚೆಲ್ಲದಂತೆ ಬಿಂದಿಗೆಯ ಬಾಯಿಗೆ ಅಂಗೈ ಮುಚ್ಚಿ, ಅವನು ಅವರ ಕಡೆಗೇ ನಡೆದ.