ವಿಮಾನದ ಬಾಲದ ಬಣ್ಣ

ಶಿವಕುಮಾರಪ್ಪನ ಜೊತೆ ಹನ್ನೊಂದು ವರ್ಷದಿಂದ ಜಗಳವಾಡುತ್ತಿದ್ದೇನೆ. ಆಸ್ತಿಯ ಜಗಳವಲ್ಲ, ರಾಜಕೀಯವೂ ಅಲ್ಲ. ಒಂದು ವಿಮಾನದ ಬಾಲ ಕೆಂಪೋ ಬೂದಿಯೋ ಅನ್ನುವ ಜಗಳ. ಆ ವಿಮಾನ ಹಾರಿದ್ದೂ ಇಲ್ಲ. ಪ್ಲೈವುಡ್ಡು, ತಗಡು, ಗೋಣಿತಾಟು ಸೇರಿಸಿ ಸಿನಿಮಾದವರು ಮಾಡಿದ್ದು. ಕೇಳಿದವರೆಲ್ಲ ನಗುತ್ತಾರೆ. ನಗಲಿ. ಅವರವರ ಮನೆಯ ಜಗಳಗಳನ್ನು ಬಿಚ್ಚಿ ನೋಡಿದರೆ ಒಳಗಿರುವುದೂ ಹೆಚ್ಚುಕಮ್ಮಿ ಪ್ಲೈವುಡ್ಡೇ.

ನಾನು ನಾಗಭೂಷಣ, ಹೊಸದುರ್ಗದವನು. ಮೂವತ್ನಾಲ್ಕು ವರ್ಷ ಬಸ್ ಡಿಪೋದಲ್ಲಿ ಪೇಂಟರ್ ಆಗಿದ್ದು ಈಗ ನಿವೃತ್ತ. ಸಿನಿಮಾದಲ್ಲಿ ಬರುವ ವಿಮಾನಗಳನ್ನು ಅಳತೆ ತಪ್ಪದಂತೆ ಗೇಣುದ್ದಕ್ಕೆ ಇಳಿಸಿ ಮಾದರಿ ಮಾಡುವುದು ನನ್ನ ಹುಚ್ಚು. ಈ ಹುಚ್ಚಿನವರು ಜಿಲ್ಲೆಯಲ್ಲಿ ಒಟ್ಟು ನಾಲ್ಕು ಮಂದಿ, ಸಂಘ ಕಟ್ಟಿಕೊಂಡಿದ್ದೇವೆ. ಹಿರಿಯೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ರೋಜಾ ಮೇಡಂ ಅಧ್ಯಕ್ಷೆ. ಸರ್ವೆ ಇಲಾಖೆಯಿಂದ ನಿವೃತ್ತನಾದ ಹೊಳಲ್ಕೆರೆಯ ಶಿವಕುಮಾರಪ್ಪ ಕಾರ್ಯದರ್ಶಿ. ಚಿತ್ರದುರ್ಗದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಕಿರಣ್‌ಕುಮಾರ್ ಖಜಾಂಚಿ. ನಾನು ಉಪಾಧ್ಯಕ್ಷ. ಬರೀ ಸದಸ್ಯ ಅಂತ ಒಬ್ಬನೂ ಇಲ್ಲದ್ದರಿಂದ ನಮ್ಮ ಸಭೆಗಳಲ್ಲಿ ಯಾರೂ ಯಾರ ಮಾತನ್ನೂ ಕೇಳುವುದಿಲ್ಲ.

ಸಿನಿಮಾದ ಹೆಸರು ಹೇಳುವುದಿಲ್ಲ. ಹೇಳಿದರೂ ನೀವು ನೋಡಿರುವುದಿಲ್ಲ, ಮೂರೇ ದಿನ ಓಡಿದ್ದು. ಐವತ್ನಾಲ್ಕು ವರ್ಷದ ಹಿಂದೆ ಜವನಗೊಂಡನಹಳ್ಳಿಯ ಹತ್ತಿರದ ಬಯಲಿನಲ್ಲಿ ಆ ವಿಮಾನವನ್ನು ನಿಲ್ಲಿಸಿ, ಹಿಂದಿನಿಂದ ಇಪ್ಪತ್ತು ಜನ ನೂಕಿ, ಹಾರಿದಂತೆ ತೋರಿಸಿದ್ದರು. ತೊಂದರೆ ಏನೆಂದರೆ ಸಿನಿಮಾ ಕಪ್ಪುಬಿಳುಪು.

ಶಿವಕುಮಾರಪ್ಪನ ವಾದ ಸರಳ. ಪರದೆಯ ಮೇಲೆ ಬೂದಿ ಕಂಡಿದೆ, ಆದ್ದರಿಂದ ಬೂದಿಯೇ ಸರಿ. ಅವನು ಮಾಡಿದ ಮಾದರಿಯಲ್ಲಿ ರೆಕ್ಕೆ ಬೂದಿ, ಬಾಲ ಬೂದಿ, ಒಳಗೆ ಕೂತ ಪೈಲಟ್‌ನ ಮುಖವೂ ಬೂದಿ. ಪಕ್ಕದಲ್ಲಿ ಒಂದು ಹಿಡಿ ಹುಲ್ಲು ಇಟ್ಟಿದ್ದಾನೆ, ಅದೂ ಬೂದಿ. ಅದನ್ನು ನೋಡಿದ ಅವನ ಹೆಂಡತಿ ಪೈಲಟ್ ಸತ್ತು ಎಷ್ಟು ದಿನವಾಯಿತು ಎಂದು ಕೇಳಿದರಂತೆ.

ನನ್ನ ಮಾದರಿಯ ಬಾಲ ಕೆಂಪು. ಅದಕ್ಕೆ ಆಧಾರ ನನ್ನ ಕಣ್ಣು. ನನಗೆ ಆರೋ ಏಳೋ ವರ್ಷವಿದ್ದಾಗ, ಆಗ ನಾವು ಹಿರಿಯೂರಿನಲ್ಲಿದ್ದೆವು, ನಮ್ಮಪ್ಪ ತಿಪ್ಪೇರುದ್ರಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಆ ವಿಮಾನ ತೋರಿಸಿದ್ದ. ನನ್ನ ಎರಡೂ ಕೈ ಅವನ ತಲೆಗೂದಲಲ್ಲಿದ್ದವು. ಕಣ್ಣೆದುರಿಗೆ ಕೆಂಪು ಬಾಲ, ಹಿಂದೆ ಆಕಾಶ. ನನಗೆ ಎಂಟು ತುಂಬುವ ಮೊದಲೇ ಅಪ್ಪ ತೀರಿಕೊಂಡ. ಅವನದು ಎಂದು ನನ್ನ ಹತ್ತಿರ ಇರುವುದು ಆ ಒಂದು ನೆನಪು ಮಾತ್ರ. ಫೋಟೋ ಕೂಡ ಇಲ್ಲ.

ಆದರೆ ನಮ್ಮವ್ವ ಗಿರಿಯಮ್ಮ ಬದುಕಿದ್ದ ತನಕ ಅದನ್ನು ಒಪ್ಪಲಿಲ್ಲ. ಶೂಟಿಂಗ್ ಆದ ತಿಂಗಳು ಅಪ್ಪ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡು ಮಲಗಿದ್ದನಂತೆ. "ಮಂಚ ಇಳಿಯಾಕೆ ಆಗದೋನು ನಿನ್ನ ಹೆಗ್ಲ ಮ್ಯಾಲೆ ಹೆಂಗ್ ಕೂರಿಸ್ಕಂತಾನಲೇ? ಕನ್ಸು ಕಂಡಿದೀಯ" ಅನ್ನುತ್ತಿದ್ದಳು. ಹಾಗಾಗಿ ಬಾಲ ಕೆಂಪಾಗಿದ್ದರೆ ನನ್ನ ನೆನಪು ನಿಜ. ಬೂದಿಯಾಗಿದ್ದರೆ ಅವ್ವ ಹೇಳಿದ್ದು ನಿಜ, ನನ್ನ ಅಪ್ಪನನ್ನು ನಾನೇ ಕಟ್ಟಿಕೊಂಡಿದ್ದು. ಶಿವಕುಮಾರಪ್ಪನಿಗೆ ಇದನ್ನು ಹೇಳಲಿಲ್ಲ. ಹೇಳಿದರೆ ಅಪ್ಪನದೂ ಅಳತೆ ಕೇಳುವ ಮನುಷ್ಯ ಅವನು.

ಅವನು ಸಂಘದಲ್ಲಿ ನಿಯಮವನ್ನೇ ತಂದ. ಬಣ್ಣಕ್ಕೆ ಕಣ್ಣಾರೆ ಕಂಡ ಸಾಕ್ಷಿ ಬೇಕು, ಕಂಡಾಗ ಸಾಕ್ಷಿಗೆ ಹತ್ತು ವರ್ಷ ತುಂಬಿರಬೇಕು. ಇಡೀ ನಿಯಮಾವಳಿಯಲ್ಲಿ ಆ ಒಂದು ಸಾಲು ನನಗಾಗಿಯೇ ಬರೆದದ್ದು. ಸಾಕ್ಷಿ ಸಿಗದಿದ್ದರೆ ಈ ವರ್ಷ ನನ್ನ ಬಾಲಕ್ಕೆ ಬೂದಿ ಬಳಿಯಬೇಕು ಎಂದೂ ಠರಾವು ಮಾಡಿಸಿದ.

ಸರಿ, ಸಾಕ್ಷಿ ಹುಡುಕುತ್ತಾ ತಾಲ್ಲೂಕು ತಾಲ್ಲೂಕು ತಿರುಗಿದೆವು. ಹಾರ್ಡ್‌ವೇರ್ ಅಂಗಡಿಯ ಬಣ್ಣದ ಕಾರ್ಡು ಹಿಡಿದು, ಇದರಲ್ಲಿ ಯಾವುದು ತೋರಿಸಿ ಎಂದು ಕೇಳುವುದು. ಮತ್ತೋಡಿನ ಪಾಪಣ್ಣ ಆ ವಿಮಾನ ನೂಕಿದ ಇಪ್ಪತ್ತು ಜನರಲ್ಲಿ ಒಬ್ಬ. ಅವನು ತಡಮಾಡದೆ ಹಳದಿಯ ಮೇಲೆ ಬೆರಳಿಟ್ಟ. ಬಾಲವೂ ಹಳದಿ, ರೆಕ್ಕೆಯೂ ಹಳದಿ, ಡೈರೆಕ್ಟರೂ ಹಳದಿ ಎಂದ. ಆ ವಾರ ಮೈ ಹೇಗಿತ್ತು ಎಂದು ರೋಜಾ ಮೇಡಂ ಕೇಳಿದರು. ಕಾಮಾಲೆ ಆಗಿತ್ತಂತೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಬರೀ ಗಾದೆ ಕೇಳಿದ್ದ ನನಗೆ ಅದನ್ನು ಅನುಭವಿಸಿದ ಮನುಷ್ಯನ ಕೈ ಕುಲುಕುವ ಭಾಗ್ಯ ಸಿಕ್ಕಿತು. ಬಿ.ದುರ್ಗದ ಒಬ್ಬ ಹಿರಿಯರು ಆ ಸಿನಿಮಾವನ್ನು ಟೆಂಟಿನಲ್ಲಿ ಬಣ್ಣದಲ್ಲೇ ನೋಡಿದ್ದೆ ಎಂದರು. ಟೆಂಟಿಗೆ ಹಸಿರು ಬಟ್ಟೆ ಹಾಕಿದ್ದರಂತೆ. ಶಿವಕುಮಾರಪ್ಪ ಎರಡನ್ನೂ ಗಂಭೀರವಾಗಿ ನೋಟ್‌ಬುಕ್ಕಿಗೆ ಬರೆದುಕೊಂಡು ಎರಡನ್ನೂ ತಿರಸ್ಕರಿಸಿದ.

ಕಳೆದ ತಿಂಗಳು ರೋಜಾ ಮೇಡಂ ಫೋನ್ ಮಾಡಿದರು. ಜವನಗೊಂಡನಹಳ್ಳಿಯ ಕಡೆ ಜುಂಜಮ್ಮ ಎಂಬ ಕುರಿ ಸಾಕುವ ಅಜ್ಜಿ ಇದ್ದಾಳೆ, ಅವಳು ಕುರಿ ಕೂಡುವ ರೊಪ್ಪದ ಬಾಗಿಲು ವಿಮಾನದ ಬಾಲದಂತಿದೆ ಎಂದು ಶಾಲೆಯ ಮಕ್ಕಳು ಹೇಳಿದರಂತೆ. ನನಗೆ ಅನ್ನ ಸೇರಲಿಲ್ಲ. ಶೂಟಿಂಗ್ ಮುಗಿದ ಮೇಲೆ ವಿಮಾನವನ್ನು ಲಾರಿಗೆ ಹಾಕಿಕೊಂಡು ಹೋದರು ಎಂದೇ ನಾವೆಲ್ಲ ನಂಬಿದ್ದೆವು. ಮರುದಿನ ಬೆಳಿಗ್ಗೆಯೇ ನಾವು ಮೂವರು ಶಿವಕುಮಾರಪ್ಪನ ಬಿಳಿ ಕಾರಿನಲ್ಲಿ ಹೊರಟೆವು. ಕಿರಣ್‌ಕುಮಾರ್‌ಗೆ ಅಂಗಡಿ ಬಿಟ್ಟು ಬರಲಾಗಲಿಲ್ಲ, ಫೋನಿನಲ್ಲಿ ಹಾಜರಿರುತ್ತೇನೆ ಎಂದ.

ರೊಪ್ಪ ದೊಡ್ಡದಿತ್ತು. ಸುತ್ತ ಆಳೆತ್ತರದ ಕಲ್ಲುಗೋಡೆ. ಕುರಿಗಳು ಮೇಯಲು ಹೋಗಿದ್ದವು. ನೆರಳಿದೆ ಎಂದು ಶಿವಕುಮಾರಪ್ಪ ಕಾರನ್ನು ರೊಪ್ಪದೊಳಕ್ಕೇ ತಂದು ನಿಲ್ಲಿಸಿದ. ಜುಂಜಮ್ಮ ಎದುರಾದಳು. ಎಪ್ಪತ್ತೈದರ ಹತ್ತಿರದ ಹೆಂಗಸು, ಬೆನ್ನು ನೆಟ್ಟಗಿತ್ತು. "ಬರ್ರಿ, ಕುಂತ್ಕಳ್ರಿ" ಎಂದು ಚಾಪೆ ಹಾಕಿದಳು, ಮಜ್ಜಿಗೆ ಕೊಟ್ಟಳು. ನಾವು ಕುಡಿದು ತಿರುಗಿ ನೋಡುವಷ್ಟರಲ್ಲಿ ಒಂದು ಡಬ್ಬಿ ಹಿಡಿದು ಹೋಗಿ ಕಾರಿನ ಮುಂಭಾಗಕ್ಕೆ ಎರಡು ಕೆಂಪು ಗೆರೆ ಎಳೆದಿದ್ದಳು.

ಶಿವಕುಮಾರಪ್ಪ ಮಜ್ಜಿಗೆ ಲೋಟ ಕೆಳಗಿಟ್ಟು ಎದ್ದ. ಇದೇನು ಮಾಡಿದಿರಿ ಎಂದು ಕೇಳುವಾಗ ಅವನ ದನಿ ಸಣ್ಣಗಾಗಿತ್ತು. ಅವಳಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ರೊಪ್ಪದೊಳಗೆ ನಿಂತದ್ದಕ್ಕೆಲ್ಲ ತನ್ನ ಮನೆತನದ ಗುರುತು ಹಾಕುವುದು ಕ್ರಮ ಎಂದಳು. ಉಣ್ಣೆ ಕತ್ತರಿಸಿದಾಗಲೆಲ್ಲ ಕುರಿಗೆ ಹೊಸದಾಗಿ ಹಾಕುವುದು, ಹಾಗೆಯೇ ನೀರಿನ ಬಾನಿಗೆ, ಒರಳಿಗೆ, ಬಾಗಿಲಿಗೂ. "ನಾಳೆ ಇದು ಇನ್ನೊಬ್ರ ಮಂದೆಯೊಳಗೆ ಸೇರ್ಕಂಡ್ರೆ ಯಾರ್ದು ಅಂತ ಹೆಂಗ್ ಗೊತ್ತಾಗ್ತೈತಪ್ಪ?" ಎಂದು ಕೇಳಿದಳು. ಬಿಳಿ ಕಾರುಗಳ ಮಂದೆಯನ್ನು ನೆನೆಸಿಕೊಂಡೆ. ಅವಳು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಹೋಗುವಾಗ ಬಿಟ್ಟುಕೊಡುತ್ತೇನೆ, ಆದರೆ ಗುರುತು ಒರೆಸುವ ಹಾಗಿಲ್ಲ ಎಂದಳು.

ಗೋಡೆಯ ಮರೆಗೆ ಸರಿಸಿಟ್ಟಿದ್ದ ಬಾಗಿಲನ್ನು ಆಮೇಲೆ ನೋಡಿದೆ. ಬಾಲವೇ. ಕೆಂಪು, ಕಡುಗೆಂಪು. ರೋಜಾ ಮೇಡಂ ನನ್ನ ಬೆನ್ನು ತಟ್ಟಿದರು. ಶಿವಕುಮಾರಪ್ಪ ಟೇಪು ತೆಗೆದು ಅಳೆದು, ಇದು ಅದೇ ಬಾಲ ಎಂದು ಬರೆದುಕೊಂಡ. ಆಮೇಲೆ ಮೆಲ್ಲಗೆ, ಕೆಳಗಿನ ಪದರ ಯಾವುದು ಎಂದು ನೋಡಬೇಕಲ್ಲ ಎಂದ. ಅವನನ್ನು ಅಲ್ಲೇ ಗೋಡೆಗೆ ಒರಗಿಸಿ ಎರಡು ಗೆರೆ ಎಳೆಯಬೇಕು ಅನಿಸಿತು. ಆದರೆ ಅವನು ಹೇಳಿದ್ದು ಸರಿಯಾಗಿತ್ತು.

ಕೆರೆಯುವ ಕೆಲಸ ನನಗೇ ಬಂತು. ಬಸ್ಸಿನ ಹಳೇ ಬಣ್ಣ ಪದರ ಪದರವಾಗಿ ಎತ್ತಿದ ಕೈ ಇದು. ಜುಂಜಮ್ಮನ ಒಪ್ಪಿಗೆ ಪಡೆದು, ಒಂದು ಮೂಲೆಯಲ್ಲಿ ಅಂಗೈಯಷ್ಟು ಜಾಗದಲ್ಲಿ ಬ್ಲೇಡು ಇಟ್ಟೆ. ಕೆಂಪಿನ ಕೆಳಗೆ ಕೆಂಪು, ಅದರ ಕೆಳಗೂ ಕೆಂಪು. ವರ್ಷಕ್ಕೆ ಎರಡು ಸಲದಂತೆ ಬಳಿದಿದ್ದ ಬಾಗಿಲಿನಲ್ಲಿ ಮರಕ್ಕಿಂತ ಬಣ್ಣವೇ ದಪ್ಪ. ಅರವತ್ತರ ತನಕ ಎಣಿಸಿ ಬಿಟ್ಟೆ. ಮೇಲಿನವು ಅಂಗಡಿಯ ಪೇಂಟು, ಕೆಳಗಿನವು ಎಣ್ಣೆಯಲ್ಲಿ ಕಲಸಿದ ಕೆಮ್ಮಣ್ಣು. ಒಂದು ಗಂಟೆಯ ಮೇಲೆ, ತೆಳ್ಳಗಿನ ಒಂದು ಕೆಂಪು ಪದರಕ್ಕೆ ಬಂದೆ. ಅದೇ ಕೊನೆಯ ಕೆಂಪು ಎಂದು ನನ್ನ ಬೆರಳಿಗೆ ಗೊತ್ತಾಯಿತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಮರ ಬಂತು ಎಂದರೆ ಶಿವಕುಮಾರಪ್ಪನಿಗೆ ತಿಳಿಯುತ್ತಿರಲಿಲ್ಲ. ಕೆಂಪು ಗೆಲ್ಲುತ್ತಿತ್ತು, ಅಪ್ಪ ಉಳಿಯುತ್ತಿದ್ದ. ಬ್ಲೇಡು ಹಿಡಿದು ಸುಮಾರು ಹೊತ್ತು ಕೂತಿದ್ದೆ. ಆದರೆ ಮೂವತ್ನಾಲ್ಕು ವರ್ಷ ತುಕ್ಕಿನ ಮೇಲೆ ಬಣ್ಣ ಬಳಿಯದೆ ಕೆಲಸ ಮಾಡಿದ ಕೈ, ನನ್ನನ್ನು ಕೇಳದೆ ಮುಂದೆ ಹೋಯಿತು.

ಕೆಳಗೆ ಬೂದಿ.

ಅಚ್ಚ ಬೂದಿ, ಸಂಶಯಕ್ಕೆ ಎಡೆಯೇ ಇಲ್ಲ. ಬೂದಿಗೂ ಕೆಂಪಿಗೂ ನಡುವೆ ಮಣ್ಣು ಕೂತಿತ್ತು, ಬೂದಿ ಬಣ್ಣ ಅಲ್ಲಲ್ಲಿ ಮಳೆಗೆ ಎದ್ದಿತ್ತು. ಕೆಂಪು ಬೀಳುವ ಮೊದಲು ಆ ಬಾಲ ಬಹಳ ದಿನ ಬಯಲಲ್ಲಿ ನಿಂತಿತ್ತು ಎಂದರ್ಥ. ಸಿನಿಮಾದಲ್ಲಿ ಅದು ಬೂದಿಯೇ. ನನಗೆ ಕಣ್ಣು ಮಂಜಾಯಿತು. ಅರವತ್ತು ವರ್ಷದ ಗಂಡಸು ಕುರಿರೊಪ್ಪದಲ್ಲಿ ಕೂತು ಅಳುವುದು ಚೆನ್ನಾಗಿರುವುದಿಲ್ಲ ಎಂದು ಧೂಳು ಬಿತ್ತು ಎಂದೆ.

ಶಿವಕುಮಾರಪ್ಪ ಹಿಗ್ಗಿಹೋದ. ಕೋರಂ ಇದೆ, ಇಲ್ಲೇ ತುರ್ತು ಸಭೆ ಕರೆಯಬೇಕು ಎಂದ. ರೋಜಾ ಮೇಡಂ ಒರಳಿನ ಮೇಲೆ ಅಧ್ಯಕ್ಷೆಯಾಗಿ ಕೂತರು. ಕಿರಣ್‌ಕುಮಾರ್‌ಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಕುರಿ ಹಿಕ್ಕೆ ಇಲ್ಲದ ಜಾಗ ನೋಡಿ ಇಟ್ಟರು. ಆ ಕಡೆಯಿಂದ ಅವನು ಆಧಾರ್ ಕಾರ್ಡಿನ ಎರಡೂ ಬದಿ ಬೇಕಾ ಎಂದು ಯಾರನ್ನೋ ಕೇಳುತ್ತಿದ್ದ. ಶಿವಕುಮಾರಪ್ಪ ಠರಾವು ಓದತೊಡಗಿದ.

ಅವನು ಓದುತ್ತಿದ್ದಾಗ ಜುಂಜಮ್ಮ ನಾನು ಕೆರೆದ ಜಾಗ ನೋಡಿ ಬೇಜಾರು ಮಾಡಿಕೊಂಡಳು. ಮೊದಲ ಕೆಂಪು ಬಳಿದದ್ದು ತಾನೇ, ಮದುವೆಯಾಗಿ ಬಂದ ಹೊಸದರಲ್ಲಿ ಎಂದಳು. ಯಾವಾಗ ಎಂದು ಕೇಳಿದೆ. ಸಿನಿಮಾದವರು ಬಿಟ್ಟುಹೋದ ಮೇಲೆ ಒಂದು ಮಳೆಗಾಲ ಇಡೀ ವಿಮಾನ ಬಯಲಲ್ಲೇ ನಿಂತಿತ್ತಂತೆ. ಆಮೇಲೆ ಮಾವ ಅದನ್ನು ಎತ್ತುಗಳಿಂದ ಎಳೆಸಿ ರೊಪ್ಪದೊಳಗೆ ನಿಲ್ಲಿಸಿದ, ಮರಿಗಳಿಗೆ ನೆರಳಾಗಲಿ ಎಂದು. ಒಳಗೆ ಬಂದದ್ದಕ್ಕೆ ಗುರುತು ಹಾಕಬೇಕಲ್ಲ, ಮುಂದಿನ ಉಣ್ಣೆ ಕತ್ತರಿಸುವಾಗ ಇವಳು ಬಾಲಕ್ಕೆ ಪೂರ್ತಿ ಬಳಿದಳು. ಹಿರಿಯೂರಿನಿಂದ ಸಂತೆಗೆ ಬಂದವರೆಲ್ಲ ಅದನ್ನು ನೋಡಿಕೊಂಡೇ ಹೋಗುತ್ತಿದ್ದರಂತೆ. ಒಂದೆರಡು ವರ್ಷ ಹಾಗೇ ನಡೆಯಿತು, ಆಮೇಲೆ ವಿಮಾನ ಮುರಿದುಬಿದ್ದಾಗ ಬಾಲವನ್ನು ಬಾಗಿಲು ಮಾಡಿಕೊಂಡರಂತೆ.

ಒಬ್ಬ ಗಂಡಸು, ಒಬ್ಬ ಹುಡುಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದು ನೆನಪಿದೆಯೇ ಎಂದು ಕೇಳಿದೆ.

ಅವಳು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದಳು. "ಒಬ್ಬ ಏನಪ್ಪ, ಬಂದೋರೆಲ್ಲ ಹಂಗೇ ಬರೋರು. ಗ್ವಾಡೆ ನೋಡು, ಎಷ್ಟೆತ್ರ ಐತೆ. ಹೆಗ್ಲ ಮ್ಯಾಲೆ ಕೂರಿಸ್ಕಳ್ದೆ ಹುಡುಗ್ರಿಗೆ ಹೆಂಗ್ ಕಾಣ್ತೈತೆ? ಅದೂ ಬಾಲ ಒಂದೇ ಕಾಣೋದು."

ಗೋಡೆ ನೋಡಿದೆ. ನನ್ನ ತಲೆಗಿಂತ ಎತ್ತರವಿತ್ತು. ನಾನು ಬಾಲ ನೋಡಿದ್ದು ಶೂಟಿಂಗ್ ದಿನವಲ್ಲ, ಅದಾದ ಮುಂದಿನ ವರ್ಷ. ಅವ್ವ ಹೇಳಿದ್ದೂ ಸುಳ್ಳಲ್ಲ, ನಾನು ಕಂಡದ್ದೂ ಸುಳ್ಳಲ್ಲ.

ಅಷ್ಟರಲ್ಲಿ ಠರಾವು ಮುಗಿದಿತ್ತು. ಬಾಲ ಬೂದಿ ಎಂಬುದಕ್ಕೆ ಯಾರ ಒಪ್ಪಿಗೆ ಇದೆ ಎಂದು ರೋಜಾ ಮೇಡಂ ಕೇಳಿದರು. ಎಲ್ಲರಿಗಿಂತ ಮೊದಲು ನಾನು ಕೈ ಎತ್ತಿದೆ. ಒಂದು ಸಾಲದು ಎನಿಸಿ ಎರಡೂ ಎತ್ತಿದೆ. ಫೋನಿನಲ್ಲಿ ಕಿರಣ್‌ಕುಮಾರ್ ಬ್ಯಾಕ್ ಟು ಬ್ಯಾಕ್ ಎಂದ, ಅದು ಮತವೋ ಗಿರಾಕಿಗೆ ಹೇಳಿದ್ದೋ ತಿಳಿಯಲಿಲ್ಲ. ಶಿವಕುಮಾರಪ್ಪ ಮಾತ್ರ ಎತ್ತುತ್ತಿದ್ದ ಕೈಯನ್ನು ಅರ್ಧಕ್ಕೆ ಇಳಿಸಿದ. ಹನ್ನೊಂದು ವರ್ಷದ ಎದುರಾಳಿ ಹೀಗೆ ಸೋಲುವುದರಲ್ಲಿ ಏನೋ ಮಸಲತ್ತಿದೆ ಎಂದು ಅವನ ಮುಖವೇ ಹೇಳುತ್ತಿತ್ತು. ತನ್ನದೇ ಠರಾವಿಗೆ ತಾನು ತಟಸ್ಥ ಎಂದು ಬರೆದುಕೊಂಡ.

ಆಮೇಲೆ ನೋಟ್‌ಬುಕ್ಕು ಮುಚ್ಚಿ ನನ್ನ ಹತ್ತಿರ ಬಂದು ಕೂತ. ಸೋತಿದ್ದೀಯ, ಅಳ್ತಾ ಇದ್ದೀಯ, ಮತ್ತೆ ಯಾಕೆ ನಗ್ತೀಯ ಎಂದು ಕೇಳಿದ. ಮೊದಲ ಸಲ ಅವನ ದನಿಯಲ್ಲಿ ಅಳತೆ ಇರಲಿಲ್ಲ.

"ನಮ್ಮಪ್ಪನ ಕಾಲು ವಾಸಿಯಾಗಿತ್ತು ಕಣಪ್ಪ" ಎಂದೆ.